ಚಳಿಯ ಅಂದಾಜು ಪಟ್ಟಿ, ಮುಂಗಡ ತೆರಿಗೆ ಸಮೇತ

ಬೆಂಗಳೂರಿನ ಹೋಟೆಲ್ ಸಭಾಂಗಣಗಳಲ್ಲಿ ‘ಬದಲಾವಣೆ ನಿರ್ವಹಣೆ’ ಎಂಬ ವಿದ್ಯೆಯನ್ನು ಸಾವಿರಾರು ರೂಪಾಯಿ ಶುಲ್ಕ ಪಡೆದು ಕಲಿಸುತ್ತಾರೆ. ಊಟವೂ ಸೇರಿ. ಎರಡು ಕಂಪನಿಗಳು ಕೂಡಿ ವ್ಯವಹಾರ ಮಾಡುವಾಗ ನಡುವೆ ನಿಯಮ ಬದಲಾದರೆ ಏನು ಗತಿ ಎಂದು ಕೋಟು ತೊಟ್ಟ ಗುರುಗಳು ಪರದೆಯ ಮೇಲೆ ಬಾಣ ಬಿಡುತ್ತಾರೆ. ಇವರು ಒಮ್ಮೆ ಮುಂಡಗೋಡದ ಟಿಬೆಟನ್ ಕಾಲೊನಿಗೆ ಬರಬೇಕು. ಕಲಿಸಲಿಕ್ಕಲ್ಲ, ಸ್ವೆಟರ್ ಮಾರಲಿಕ್ಕೆ.

1966ರಲ್ಲಿ ಅಂದಿನ ಮೈಸೂರು ಸರ್ಕಾರ ಕೊಟ್ಟ ಸುಮಾರು ನಾಲ್ಕು ಸಾವಿರ ಎಕರೆ ಕಾಡುಭೂಮಿಯಲ್ಲಿ ಟಿಬೆಟನ್ ನಿರಾಶ್ರಿತರು ನೆಲೆ ನಿಂತರು. ದೇಶ ಬದಲಾಯಿತು, ಹವೆ ಬದಲಾಯಿತು, ಬಾರ್ಲಿ ಹೋಗಿ ಗೋವಿನಜೋಳ ಬಂತು. ಟಿಬೆಟ್ಟಿನ ಡ್ರೆಪುಂಗ್, ಗಾದೆನ್ ಮಠಗಳೂ ಇಲ್ಲಿ ಮತ್ತೆ ಎದ್ದವು. ಬಾಣದ ಚಿತ್ರ ಬರೆದುಕೊಡಲು ಯಾವ ಗುರುವೂ ಬರಲಿಲ್ಲ.

ಮಳೆ ನಂಬಿದ ಜೋಳ ಸಾಲದಾದಾಗ ಸ್ವೆಟರ್ ಕೈ ಹಿಡಿಯಿತು. ದಸರಾ ಹೊತ್ತಿಗೆ ಲುಧಿಯಾನದ ಲಾಲಾಜಿಗಳಿಂದ ಮಾಲು ತರುವುದು, ಊರೂರ ಫುಟ್‌ಪಾತಿನಲ್ಲಿ ಮಾರುವುದು, ತಮ್ಮ ಹೊಸವರ್ಷದ ಲೊಸಾರ್ ಹಬ್ಬಕ್ಕೆ ಮನೆ ಸೇರುವುದು. ಮಾಲು ಹೆಚ್ಚಾಗಿ ಉದ್ರಿ. ಸೀಸನ್ ಮುಗಿದ ಮೇಲೆ ಲೆಕ್ಕ. ಪಂಜಾಬಿ ಸಾಹುಕಾರ, ಟಿಬೆಟನ್ ವ್ಯಾಪಾರಿ, ಕನ್ನಡದ ಗಿರಾಕಿ: ಮೂರು ಭಾಷೆಗಳ ಈ ವ್ಯವಹಾರ ದಶಕಗಳ ಕಾಲ ಬಾಯಿಮಾತಿನ ಮೇಲೆ ಸುಸೂತ್ರವಾಗಿ ನಡೆಯಿತು. ಇಂಥ ಅಶಿಸ್ತನ್ನು ಸರ್ಕಾರ ಎಷ್ಟು ದಿನ ಸಹಿಸೀತು?

ಮೊದಲ ಪಾಠ 2016ರ ನವೆಂಬರ್ 8ರ ರಾತ್ರಿ ಆಯಿತು. ಸೀಸನ್ ನೆತ್ತಿಗೇರುವ ಹೊತ್ತಿಗೆ ಐನೂರು, ಸಾವಿರದ ನೋಟುಗಳು ಬರೀ ಕಾಗದವಾದವು. ಚಳಿ ಇತ್ತು, ಸ್ವೆಟರ್ ಇತ್ತು, ಗಿರಾಕಿಯೂ ಇದ್ದ, ಎಟಿಎಂ ಮುಂದಿನ ಸಾಲಿನಲ್ಲಿ. ಎರಡನೆಯ ಪಾಠ 2017ರ ಜುಲೈ 1ರಂದು ಜಿಎಸ್‌ಟಿ ಎಂಬ ಹೆಸರಿನಲ್ಲಿ ಬಂತು.

ಜಿಎಸ್‌ಟಿಯ ಸೊಬಗು ಕಾಣಬೇಕಾದರೆ ನಿಪ್ಪಾಣಿಗೆ ಹೋಗಬೇಕು. ಕಾಲೊನಿಯ ಹೆಂಗಸು ಅಲ್ಲಿ ಅಂಗಡಿ ಹಾಕಿದರೆ, ವರ್ಷದ ವಹಿವಾಟು 40 ಲಕ್ಷ ದಾಟದಿದ್ದರೆ, ನೋಂದಣಿ ಬೇಕಿಲ್ಲ. ಅದೇ ಗಂಟು ಹೊತ್ತು ಗಡಿಯಾಚೆ ಮಹಾರಾಷ್ಟ್ರದ ಕಾಗಲ್‌ಗೆ ಹೋದರೆ ಆಕೆ ‘ಸಾಂದರ್ಭಿಕ ತೆರಿಗೆದಾರಳು’. ಒಂದೇ ಸ್ವೆಟರ್ ಮಾರುವುದಿದ್ದರೂ ಐದು ದಿನ ಮೊದಲೇ ಅರ್ಜಿ ಹಾಕಬೇಕು. ಸಿಗುವ ನೋಂದಣಿಯ ಆಯುಸ್ಸು 90 ದಿನ. ಆ ಅವಧಿಯ ತೆರಿಗೆಯನ್ನು ತಾನೇ ಅಂದಾಜು ಮಾಡಿ ಮುಂಗಡ ಕಟ್ಟಬೇಕು. ಹುಬ್ಬಳ್ಳಿಯ ತೆರಿಗೆ ಸಲಹೆಗಾರರ ಮುಂದೆ ಮಾತು ಹೀಗೆ ಸಾಗೀತು:

“ಅಕ್ಕಾರ, ಡಿಸೆಂಬರದಾಗ ಎಷ್ಟರ ಮಾಲು ಹೋಗ್ತೈತ್ರಿ?”

“ಚಳಿ ಎಷ್ಟು ಬೀಳ್ತೈತಿ ಹೇಳ್ರಿ ಸಾಹೇಬ್ರ, ಆಮ್ಯಾಲೆ ಹೇಳ್ತೀನಿ.”

ಹವಾಮಾನ ಇಲಾಖೆಯೇ ತಡವರಿಸುವ ಪ್ರಶ್ನೆಗೆ ಫುಟ್‌ಪಾತಿನ ವ್ಯಾಪಾರಿ ರೂಪಾಯಿ ಲೆಕ್ಕದಲ್ಲಿ ಉತ್ತರ ಕೊಡಬೇಕು.

ನೋಂದಣಿ ಮಾಡಿಸಿದವರಿಗೆ ಇನ್ನೊಂದು ಬಹುಮಾನವಿದೆ. ಮಾಲು ಕೊಳ್ಳುವಾಗ ತೆತ್ತ ತೆರಿಗೆಯನ್ನು ಮುಂದೆ ಹೊಂದಿಸಿಕೊಳ್ಳಬಹುದು. ಆದರೆ ಲುಧಿಯಾನದವನು ಆ ಬಿಲ್ಲನ್ನು ತನ್ನ ರಿಟರ್ನಿನಲ್ಲಿ ತೋರಿಸಿ, ತೆರಿಗೆ ಕಟ್ಟಿರಬೇಕು. ಅವನು ಮರೆತರೆ ಇವಳಿಗೆ ನಷ್ಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದು ನಮ್ಮಲ್ಲಿ ಗಾದೆಯಾಗಿತ್ತು, ಈಗ ಕಾಯ್ದೆಯಾಗಿದೆ.

ಉದ್ರಿಗೂ ಕಾನೂನುಂಟು. 2006ರ ಎಂಎಸ್‌ಎಂಇ ಕಾಯ್ದೆಯಂತೆ ನೋಂದಾಯಿತ ಸಣ್ಣ ಉತ್ಪಾದಕನಿಗೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಸಲ್ಲಬೇಕು. ಬರಹದ ಕರಾರು ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೊಡ್ಡ ಕಂಪನಿಗಳು ಸಣ್ಣವರ ಬಾಕಿ ನುಂಗಬಾರದೆಂಬ ಸದುದ್ದೇಶ ಇದರದು. ದೊಡ್ಡವರ ಬಳಿ ವಕೀಲರಿದ್ದಾರೆ. ಅಕ್ಟೋಬರಿನಲ್ಲಿ ಮಾಲು ತಂದು ಜನವರಿಯಲ್ಲಿ ಬಾಕಿ ತೀರಿಸುವವಳ ಬಳಿ ಇರುವುದು ಲಾಲಾಜಿಯ ನಂಬಿಕೆ ಮಾತ್ರ. ಅದಕ್ಕೆ ತೆರಿಗೆಪಟ್ಟಿಯ ಎಚ್‌ಎಸ್‌ಎನ್ ಕೋಡ್ ಇಲ್ಲ.

2025ರ ಸೆಪ್ಟೆಂಬರ್ 22ರಂದು ದರ ಮತ್ತೆ ಬದಲಾಯಿತು. 2,500 ರೂಪಾಯಿವರೆಗಿನ ಉಡುಪಿಗೆ ಶೇ 5. ಅದನ್ನು ದಾಟಿದರೆ, ಮೊದಲಿದ್ದ ಶೇ 12 ಹೋಗಿ, ಶೇ 18. ತೆಳು ಸ್ವೆಟರಿನವರಿಗೆ ಹಗುರಾಯಿತು, ಒಳ್ಳೆಯದೇ. ದಪ್ಪ ಜಾಕೆಟ್ ಬೇಕಾದವರು ತಮ್ಮ ನಡುಕಕ್ಕೆ ತಾವೇ ಹೊಣೆ. ಮುಹೂರ್ತವಂತೂ ಅಮೋಘ: ವ್ಯಾಪಾರಿಗಳು ಲುಧಿಯಾನದ ಮಾಲು ಹೊಂದಿಸಿಕೊಳ್ಳುವ ಹೊತ್ತು.

ಬದಲಾವಣೆ ಮಾಡುವವರು ಒಬ್ಬರು, ನಿರ್ವಹಿಸುವವರು ಇನ್ನೊಬ್ಬರು. ಆ ದುಬಾರಿ ವಿದ್ಯೆಯ ತಿರುಳು ಇಷ್ಟೇ. ತೆರಿಗೆಯೇ ಬೇಡವೆಂಬುದು ಇಲ್ಲಿನ ವಾದವಲ್ಲ. ಮಾರಾಟವಾದ ಮೇಲೆ ಕೇಳಿ, ಚಳಿ ಬೀಳುವ ಮುಂಚೆ ಬೇಡ. ಲುಧಿಯಾನದವನು ಕಟ್ಟದ್ದನ್ನು ಲುಧಿಯಾನದವನಿಂದಲೇ ವಸೂಲಿ ಮಾಡಿ. ಬಟ್ಟೆಯ ದರ ಬದಲಿಸಲೇಬೇಕಿದ್ದರೆ ಏಪ್ರಿಲ್ 1ರಂದು ಬದಲಿಸಿ. ಆಗ ಯಾರೂ ಸ್ವೆಟರ್ ಕೊಳ್ಳುವುದಿಲ್ಲ.