ರಾಮದುರ್ಗೀಯ ಜಲಪರೀಕ್ಷಾ ಮೀಮಾಂಸೆ

ಕಣಕುಂಬಿಯಲ್ಲಿ ಹುಟ್ಟಿ, ನವಿಲುತೀರ್ಥದ ಅಣೆಕಟ್ಟಿನಲ್ಲಿ ದಣಿವಾರಿಸಿಕೊಂಡು, ನಮ್ಮೂರ ಮಗ್ಗುಲಲ್ಲಿ ಹಾಯ್ದು ಕೂಡಲಸಂಗಮಕ್ಕೆ ಹೋಗುವ ಮಲಪ್ರಭೆಗೆ ವಂದಿಸಿ ಈ ಶಾಸ್ತ್ರವನ್ನು ಆರಂಭಿಸುತ್ತೇವೆ. ಪ್ರಯೋಗಾಲಯ: ನಮ್ಮ ಓಣಿ. ಉಪಕರಣ: ಒಂದು ಕೊಡ. ಪ್ರಮಾಣಗಳು ಐದು: ನಾಲಿಗೆ, ಸಾಬೂನು, ಬೇಳೆ, ಚಹಾ ಮತ್ತು ಪಕ್ಕದ ಮನೆಯವರ ಮಾತು. ಐದನೆಯದು ಉಳಿದ ನಾಲ್ಕನ್ನೂ ಸೋಲಿಸುವಷ್ಟು ಬಲವುಳ್ಳದ್ದು.

ಸೂತ್ರ 1: ನೊರೆಯೇ ಸಾಕ್ಷಿ.
ವ್ಯಾಖ್ಯಾನ: ಎಷ್ಟು ತಿಕ್ಕಿದರೂ ನೊರೆ ಬಾರದೆ ಬಿಳಿ ಜಿಗುಟು ತೇಲಿದರೆ ಅದು ಗಡಸು ನೀರು. ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸಾಬೂನನ್ನು ನೊರೆಯಾಗುವ ಮೊದಲೇ ಹಿಡಿದುಹಾಕುತ್ತವೆ. ಭಾರತೀಯ ಮಾನಕ 10500 (2012) ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಒಪ್ಪುತ್ತದೆ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸುತ್ತದೆ. ನಮ್ಮ ವೈನಿ ಅಷ್ಟು ಸಹಿಸುವವರಲ್ಲ: "ಕೂದಲಾ ನಾರಾಗ್ಯಾವು. ಈ ಬೋರಿನ ನೀರಾಗ ತಲಿ ತೊಳ್ಯಾಂಗಿಲ್ಲ ನಾ."

ಸೂತ್ರ 2: ಬೇಯದ ಬೇಳೆ ಸುಳ್ಳಾಡದು.
ಪೂರ್ವಪಕ್ಷ: ಬೇಳೆಯೇ ಹಳೆಯದಿರಬಹುದಲ್ಲ? ಕಿರಾಣಿ ಅಂಗಡಿಯವರು ನೀರಿನತ್ತಲೂ ನೀರು ಬಿಡುವವರು ಬೇಳೆಯತ್ತಲೂ ಬೊಟ್ಟು ಮಾಡುವುದರಿಂದ ಈ ವಾದಕ್ಕೆ ಕೊನೆಯಿಲ್ಲ. ಸಮಾಧಾನ: ಒಂದೇ ಚೀಲದ ಬೇಳೆಯನ್ನು ಎರಡು ನೀರಿನಲ್ಲಿ ಬೇಯಿಸಿ ನೋಡುವುದು. ವಿಜ್ಞಾನಿಗಳು ಇದನ್ನು ನಿಯಂತ್ರಿತ ಪ್ರಯೋಗ ಎನ್ನುತ್ತಾರೆ. ನಮ್ಮ ಓಣಿಯಲ್ಲಿ ಅದರ ಹೆಸರು, "ತಡಿ, ನಮ್ಮನಿ ನೀರಾಗ ಹಾಕಿ ನೋಡೂಣು."

ಸೂತ್ರ 3: ಕಪ್ಪಿಟ್ಟ ಚಹಾ ಕಬ್ಬಿಣದ ಕುರುಹು.
ವ್ಯಾಖ್ಯಾನ: ಚಹಾಪುಡಿಯ ಟ್ಯಾನಿನ್ನೂ ನೀರಿನ ಕಬ್ಬಿಣವೂ ಕೂಡಿದರೆ ಮಸಿ. ಬಕೆಟ್ಟಿನ ತಳದ ಕೆಂಪು ಕಲೆ ಎರಡನೆಯ ಸಾಕ್ಷಿ. ಬೀಗರು ಬಂದ ದಿನವೇ ಈ ಪರೀಕ್ಷೆ ನಡೆಯುವುದು ವಾಡಿಕೆ.

ಸೂತ್ರ 4: ಅಂಕಿ ತೋರುವುದೆಲ್ಲ ಅರಿವಲ್ಲ.
ವ್ಯಾಖ್ಯಾನ: ಅಳಿಯ ಪೆನ್ನಿನಂಥ ಟಿಡಿಎಸ್ ಮೀಟರು ತಂದು ನಳ, ಬೋರು, ಕಡೆಗೆ ಮಜ್ಜಿಗೆಯನ್ನೂ ಅಳೆದ. ಅದು ನೋಡುವುದು ನೀರಿನಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆಂಬುದನ್ನು; ಅದರಿಂದ ಕರಗಿದ ಲವಣದ ಒಟ್ಟು ಅಂದಾಜು ಹೇಳುತ್ತದೆ. 500ರೊಳಗೆ ಇದ್ದರೆ ಪಾಸು. ಆ ಒಟ್ಟಿನಲ್ಲಿ ಹಲ್ಲಿಗೆ ಕಲೆ ತರುವ ಫ್ಲೋರೈಡು 1.5 ಮಿಲಿಗ್ರಾಂ ದಾಟಿದೆಯೋ, ಗೊಬ್ಬರ ಮತ್ತು ಕೊಳಚೆಯಿಂದ ಇಳಿದ ನೈಟ್ರೇಟು 45 ದಾಟಿದೆಯೋ, ಅದಕ್ಕೆ ಗೊತ್ತಿಲ್ಲ. ಇವೆರಡೂ ಕುದಿಸಿದರೂ ಹೋಗವು. ನೀರು ಆವಿಯಾದಷ್ಟೂ ದಟ್ಟವಾಗುತ್ತವೆ.

ಈ ನಾಲ್ಕೂ ಸೂತ್ರಗಳಲ್ಲಿ ಮೊದಲ ದರ್ಜೆಯಲ್ಲಿ ತೇರ್ಗಡೆಯಾದದ್ದು ಅಜ್ಜ ತೋಡಿಸಿದ ನಮ್ಮ ಹಿತ್ತಲ ಬಾವಿ. ನಾಲಿಗೆಗೆ ಸಿಹಿ, ಕಣ್ಣಿಗೆ ತಿಳಿ. "ಸಕ್ಕರಿಯಂಥಾ ನೀರು" ಎಂದು ಐದನೆಯ ಪ್ರಮಾಣವೂ ಸಾರಿತ್ತು. ಗ್ರಂಥ ಇಲ್ಲಿಗೇ ಮುಗಿಯಬೇಕಿತ್ತು.

ಆದರೆ 2022ರ ಅಕ್ಟೋಬರಿನಲ್ಲಿ ನಮ್ಮ ತಾಲ್ಲೂಕಿನ ಮುದೇನೂರಿನಲ್ಲಿ ಕಲುಷಿತ ನೀರು ಕುಡಿದು ಎಷ್ಟೋ ಜನ ಆಸ್ಪತ್ರೆ ಸೇರಿದರು, ಸಾವೂ ಆಯಿತು. ಅಲ್ಲಿಂದಾಚೆ ನಮ್ಮ ಶಾಸ್ತ್ರಕ್ಕೆ ನಗು ಬರಲಿಲ್ಲ.

ಸೂತ್ರ 5: ತಿಳಿ ನೀರೆಲ್ಲ ಶುದ್ಧವಲ್ಲ.
ವ್ಯಾಖ್ಯಾನ: ಜಲಜೀವನ ಮಿಷನ್ನು ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಕಿಟ್ ಕೊಟ್ಟು ನೀರಿನ ಪರೀಕ್ಷೆ ಕಲಿಸಲು ಹೊರಟಿತು. ಅಂಥವರೊಬ್ಬರಿಂದ ವೈನಿ ಹೈಡ್ರೋಜನ್ ಸಲ್ಫೈಡ್ ಬಾಟಲಿ ತಂದರು. ಬಾವಿಯ ನೀರನ್ನು ಗುರುತಿನವರೆಗೆ ತುಂಬಿ, ಒಲೆಯ ಹತ್ತಿರದ ಬೆಚ್ಚನೆಯ ಗೂಡಿನಲ್ಲಿಟ್ಟರು. ಮಲದ ಸೋಂಕಿದ್ದರೆ ಒಂದೆರಡು ದಿನದಲ್ಲಿ ನೀರು ಕಪ್ಪಾಗುತ್ತದೆ. ಮರುದಿನವೇ ಕಪ್ಪಾಯಿತು. ಬಾವಿಗೂ ಪಾಯಿಖಾನೆಯ ಗುಂಡಿಗೂ ನಡುವೆ ಎಷ್ಟು ಮಾರು ಎಂದು ನಾವಾರೂ ಯಾವತ್ತೂ ಅಳೆದಿರಲಿಲ್ಲ. ಅಳಿಯ ಮಜ್ಜಿಗೆ ಅಳೆದಿದ್ದ.

ವೈನಿ ಆ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಲಿಲ್ಲ. ಮನೆಮನೆಗೂ ಒಯ್ದು ತೋರಿಸಿದರು: "ನೋಡ್ರವ್ವಾ, ನಮ್ಮ ಸಕ್ಕರಿ ನೀರು."

ಆ ಸಂಜೆ ಓಣಿಯ ಒಲೆಗಳ ಮೇಲೆಲ್ಲ ಕುಡಿಯುವ ನೀರು ಕುದಿಯಿತು. ಐದನೆಯ ಪ್ರಮಾಣ ಅತ್ಯಂತ ಬಲವುಳ್ಳದ್ದೆಂದು ಮೊದಲೇ ಹೇಳಿದ್ದೆವಷ್ಟೆ.