ಮೈಲೇಜ್ ಮಾವ

ಕುಂದಾಪುರದಲ್ಲಿ ಗುಟ್ಟಾಗಿ ಮದುವೆ ಆಗಬಹುದು, ಗುಟ್ಟಾಗಿ ಬೈಕ್ ತೆಗೆದುಕೊಳ್ಳಲಿಕ್ಕೆ ಆಗುವುದಿಲ್ಲ. 2003ರ ಮೇ ತಿಂಗಳಲ್ಲಿ ನಾನು ವಿಷಯ ಬಾಯಿ ಬಿಟ್ಟದ್ದು ಕ್ಷೌರದಂಗಡಿಯಲ್ಲಿ ಮಾತ್ರ, ಅದೂ ಕತ್ತಿ ಕುತ್ತಿಗೆಯ ಮೇಲಿದ್ದಾಗ. ಮರುದಿನ ಬೆಳಿಗ್ಗೆ ಶೋರೂಮಿನ ಗಾಜಿನ ಬಾಗಿಲು ತಳ್ಳಿ ಒಳಗೆ ಕಾಲಿಟ್ಟರೆ ಮೈಲೇಜ್ ಮಾವ ಆಗಲೇ ಬಂದು, ಒಂದು ಬೈಕಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಸೈಲೆನ್ಸರಿನೊಳಗೆ ಬೆರಳು ತೂರಿಸಿ, ಆ ಬೆರಳನ್ನು ಮೂಗಿಗೆ ಹಿಡಿದುಕೊಂಡಿದ್ದರು.

"ಹ್ವಾಯ್, ಈಗ್ ಬಪ್ಪುದಾ? ನಾನ್ ಎಲ್ಲ ಕಂಡ್ ಆಯ್ತ್. ಇದ್ ಬ್ಯಾಡ."

ಅವರು ನನಗೆ ಸಂಬಂಧದಲ್ಲಿ ಮಾವ ಅಲ್ಲ. ನಮ್ಮ ಕೇರಿಯಲ್ಲಿ ಯಾರಿಗೂ ಅಲ್ಲ. ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಒಡೆದ ಹಂಚನ್ನೂ ಎಣಿಸಿ ಬರೆದು ಅಭ್ಯಾಸವಾದ ಕೈ ಪೆಟ್ರೋಲಿನ ಕಡೆಗೆ ತಿರುಗಿತ್ತು. ಅಂಗಿಯ ಜೇಬಿನಲ್ಲಿ ಒಂದು ಪುಟ್ಟ ಡೈರಿ. ಅದರಲ್ಲಿ ಕೇರಿಯ ಪ್ರತಿ ಬೈಕಿನ ಜಾತಕ: ಯಾವಾಗ ತೆಗೆದದ್ದು, ಲೀಟರಿಗೆ ಎಷ್ಟು ಓಡಿತು, ಎಲ್ಲಿ ಬಿತ್ತು, ಯಾರು ಎತ್ತಿದರು.

ಈ ಜಾತಿಯವರು ಎಲ್ಲ ಊರಲ್ಲೂ ಇದ್ದಾರೆ. ಬ್ರಹ್ಮಾವರದಲ್ಲಿ ನನಗೆ ಪರಿಚಯದ ಒಬ್ಬರು ಬುಲೆಟ್ ಭಕ್ತರು; ಅವರ ಮತದಲ್ಲಿ ಸದ್ದು ಮಾಡದ ಗಾಡಿ ಸೈಕಲ್ಲಿಗೆ ಸಮ. ಬೈಂದೂರಿನ ಇನ್ನೊಬ್ಬರು ಆರ್‌ಎಕ್ಸ್ 100ರ ವಿಧುರರು. 1985ರಲ್ಲಿ ಬಂದು 1996ರಲ್ಲಿ ಹೋದ ಆ ಬೈಕಿನ ಮೇಲೆ ಯೌವನ ಕಳೆದವರು, ಆಮೇಲೆ ಬಂದ ಯಾವುದನ್ನೂ ಬೈಕ್ ಎಂದು ಒಪ್ಪಿಕೊಳ್ಳದವರು. ಮೈಸೂರಿನ ಕಾರ್ಖಾನೆಯಿಂದ ಜಾವಾ, ಯೆಜ್ದಿ ಬರುವುದು ನಿಂತ ವರ್ಷವೂ ಅದೇ ಆದ್ದರಿಂದ 1996 ಎಂದರೆ ಅವರಿಗೆ ತಿಥಿ ಮಾಡುವ ವರ್ಷ. ಬೊಂಬಾಯಿಯಿಂದ ರಜೆಗೆ ಬರುವ ಹೋಟೆಲಿನವರದು ಒಂದೇ ಪ್ರಶ್ನೆ: "ರೀಸೇಲ್ ಎಷ್ಟು?" ಮಗು ಹುಟ್ಟುವ ಮೊದಲೇ ಅದರ ವೃದ್ಧಾಪ್ಯದ ಚಿಂತೆ ಮಾಡುವವರು. ಇವರನ್ನೆಲ್ಲ ಒಂದು ಚಹಾ ಕುಡಿಸಿ ಸಾಗಹಾಕಬಹುದು. ಮೈಲೇಜ್ ಮಾವನನ್ನು ಸಾಗಹಾಕಲಿಕ್ಕೆ ಆಗುವುದಿಲ್ಲ, ಏಕೆಂದರೆ ಚಹಾದ ದುಡ್ಡು ಅವರೇ ಕೊಡುತ್ತಾರೆ.

ಶೋರೂಮಿನ ಹುಡುಗ ದಾವಣಗೆರೆ ಕಡೆಯವನು, ಕೆಲಸಕ್ಕೆ ಸೇರಿ ವಾರವಾಗಿತ್ತು. ಮಾವ ಅವನಿಗೆ, "ನಮ್ಮನಿ ಹತ್ರ ಒಬ್ರಿಗೆ ಇದೇ ಬೈಕ್ ಇತ್ತ್" ಅಂದರು.

"ಈಗ ಮಾರಿದ್ರಾ ಸರ್?"

"ಮಾರುದ್ ಎಂತಕೆ? ಇತ್ತ್ ಅಂದೆ ಅಲ್ದಾ!"

"ಹೌದು ಸರ್, ಇತ್ತು. ಈಗ?"

"ಈಗ್ಳೂ ಇತ್ತ್!"

ಹುಡುಗ ಕಂಗಾಲಾಗಿ ನನ್ನ ಮುಖ ನೋಡಿದ. ನಮ್ಮ ಕಡೆ ಇರುವುದೆಲ್ಲ 'ಇತ್ತ್', ಇರುವವನೆಲ್ಲ 'ಇದ್ದ' ಎಂದು ತಿಳಿಹೇಳಿದೆ. ಅವನು ತಲೆಯಾಡಿಸಿದ, ನಂಬಿದಂತೆ ಕಾಣಲಿಲ್ಲ.

ನನಗೆ ಪಲ್ಸರ್ ಮೇಲೆ ಮನಸ್ಸು. ಅದು ಬಂದು ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಹಣವೂ ಹೇಗೋ ಹೊಂದುತ್ತಿತ್ತು. ಆದರೆ ಮಾವ ಬೈಕಿನ ಬೆಲೆ ಕೇಳುವವರೇ ಅಲ್ಲ. ಕ್ಲಚ್ ಲಿವರಿಗೆ ಎಷ್ಟು, ಇಂಡಿಕೇಟರಿಗೆ ಎಷ್ಟು, ಕನ್ನಡಿಗೆ ಎಷ್ಟು, ಕಾಲಿಡುವ ಕಬ್ಬಿಣಕ್ಕೆ ಎಷ್ಟು ಎಂದು ಒಂದೊಂದೇ ಕೇಳಿ ಡೈರಿಯಲ್ಲಿ ಬರೆದುಕೊಂಡು ಕೂಡಿಸಿದರು. "ಮೊದಲ್ನೇ ಬೈಕ್ ಬೀಳುಕೆ ಅಂತ್ಲೇ ತಕಂಬುದ್ ಮಾಣಿ. ಬಿದ್ರೆ ತುಂಡಾಪ್ದ್ ಇಷ್ಟ್. ಇದ್ರ ರೇಟ್ ಕಾಣ್, ಅದ್ರ ರೇಟ್ ಕಾಣ್."

ಆಮೇಲೆ ನನ್ನನ್ನು ಸೀಟಿನ ಮೇಲೆ ಕೂರಿಸಿದರು. ಎರಡೂ ಹಿಮ್ಮಡಿ ನೆಲಕ್ಕೆ ತಾಗಬೇಕು; ಬರೀ ತುದಿಬೆರಳು ತಾಗಿದರೆ ಫೇಲು. ನನ್ನ ಎತ್ತರದ ಬಗ್ಗೆ ಮನೆಯವರೇ ಆಡದ ಮಾತನ್ನು ಶೋರೂಮಿನ ನಡುವೆ ಮೂರು ಜನ ಅಪರಿಚಿತರ ಎದುರು ಆಡಿದರು. ಕೊನೆಯ ಪರೀಕ್ಷೆ ಅವರ ಸ್ವಂತದ್ದು. ಹಿಂದಿನ ಸೀಟಿನ ಮೇಲೆ ಒಂದು ಬದಿಗೆ ಕಾಲು ಇಳಿಬಿಟ್ಟು, ಪಂಚೆಯನ್ನು ಸೀರೆಯ ಹಾಗೆ ಒತ್ತಿ ಹಿಡಿದು ತಾವೇ ಕೂತರು. "ಅಬ್ಬಿ ಕೂಕಂಬುಕೆ ಆತ್ತಾ ಕಾಣ್ಕ್." ಮಾರಣಕಟ್ಟೆಗೋ ಕೊಲ್ಲೂರಿಗೋ ಅಮ್ಮನನ್ನು ಕರೆದುಕೊಂಡು ಹೋಗಲಾಗದ ಬೈಕನ್ನು ಅವರು ಬೈಕಿನ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ. ಅಂತೂ ನೂರು ಸಿಸಿಯ, ನೂರಹತ್ತು ಕಿಲೋ ಚಿಲ್ಲರೆ ತೂಕದ ಒಂದು ಕಪ್ಪು ಬೈಕಿಗೆ ನಾನು ಸಹಿ ಹಾಕಿದೆ. ಪಲ್ಸರಿನ ಕಡೆಗೆ ತಿರುಗಿ ನೋಡದೆ ಹೊರಗೆ ಬಂದೆ; ನೋಡಿದ್ದರೆ ಅತ್ತುಬಿಡುತ್ತಿದ್ದೆನೋ ಏನೋ.

ಆನೆಗುಡ್ಡೆಯಲ್ಲಿ ಪೂಜೆ ಆಯಿತು, ಚಕ್ರದ ಕೆಳಗೆ ನಿಂಬೆಹಣ್ಣು ಚಪ್ಪಟೆಯಾಯಿತು. ಕೊಯ್ಲು ಮುಗಿದ ಗದ್ದೆಯಲ್ಲಿ ಎಂಟು ದಿನ ನನಗೆ ಬೈಕ್ ಕಲಿಸಿದವರೂ ಮಾವನೇ. ಗದ್ದೆ ಯಾಕೆ ಎಂದರೆ ಬಿದ್ದರೆ ಮಣ್ಣು, ಕೂಗಿದರೆ ಕೇಳುವವರಿಲ್ಲ. ಗಾಡಿ ನಿಂತುಬಿಟ್ಟಾಗ ನಾನು ಕ್ಲಚ್ಚನ್ನು ದೂರುತ್ತಿದ್ದೆ, ಅವರು ನನ್ನ ಎಡಗೈಯನ್ನು ದೂರುತ್ತಿದ್ದರು. ಇದನ್ನೆಲ್ಲ ಮರೆಯಬಹುದು. ಮರೆಯಲಾಗದ್ದು ಲೀಟರ್ ಪರೀಕ್ಷೆ.

ಮೊದಲ ಸರ್ವಿಸ್ ಆದ ಮರುದಿನ, ಜೂನ್ ತಿಂಗಳ ಒಂದು ಮೋಡದ ಬೆಳಿಗ್ಗೆ, ಇಬ್ಬರೂ ಬ್ರಹ್ಮಾವರಕ್ಕೆ ಹೋದೆವು. ಅಲ್ಲಿ ರಸ್ತೆ ಬದಿಯಲ್ಲಿ ನಿಲ್ಲಿಸಿ, ಪೈಪ್ ಕಳಚಿ ಟ್ಯಾಂಕಿನಲ್ಲಿದ್ದದ್ದನ್ನೆಲ್ಲ ರಿಸರ್ವ್ ಸಮೇತ ಒಂದು ಕ್ಯಾನಿಗೆ ಇಳಿಸಿದರು. ಆ ಕ್ಯಾನನ್ನು ಪರಿಚಯದ ಅಂಗಡಿಯಲ್ಲಿಟ್ಟು, ಅಳೆದು ತಂದ ಒಂದು ಲೀಟರನ್ನು ತೀರ್ಥದ ಹಾಗೆ ಒಂದು ತೊಟ್ಟೂ ಚೆಲ್ಲದೆ ಹೊಯ್ದರು. ಓಡೋಮೀಟರಿನ ಅಂಕಿ ಡೈರಿಗೆ ಹೋಯಿತು. ಇನ್ನು ಗಾಡಿ ತಾನಾಗಿ ನಿಲ್ಲುವವರೆಗೆ ಬಡಗು ಮುಖವಾಗಿ ಹೋಗುವುದೇ ಕೆಲಸ.

ನಿಯಮಗಳಿದ್ದವು. ನಲವತ್ತಕ್ಕಿಂತ ಮುಳ್ಳು ಮೇಲೆ ಹೋಗಬಾರದು. ಬ್ರೇಕ್ ಹಿಡಿಯಬಾರದು, ಹಿಡಿದರೆ ಮತ್ತೆ ವೇಗ ತರಲಿಕ್ಕೆ ಪೆಟ್ರೋಲ್ ಖರ್ಚು. ಹಿಡಿಯುವ ಪ್ರಸಂಗ ಬಾರದ ಹಾಗೆ ಅರ್ಧ ಫರ್ಲಾಂಗಿನಿಂದಲೇ ಮುಂದಾಲೋಚನೆ ಮಾಡಬೇಕು. ಸಾಸ್ತಾನ, ಸಾಲಿಗ್ರಾಮ, ಕೋಟ, ತೆಕ್ಕಟ್ಟೆ. ಕೋಟದಲ್ಲಿ ಚಹಾ ಕುಡಿಯೋಣವೆಂದೆ, "ನಿಲ್ಸಿ ಸ್ಟಾರ್ಟ್ ಮಾಡ್ರೆ ಲೆಕ್ಕ ತಪ್ಪತ್ತ್" ಅಂದರು. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಗೆಳೆಯನೊಬ್ಬ ಕೈ ಬೀಸಿದ. ನಾನೂ ಬೀಸಹೋದರೆ ಹಿಂದಿನಿಂದ ಭುಜಕ್ಕೆ ಪೆಟ್ಟು: "ಕೈ ಎತ್ಬ್ಯಾಡ, ಗಾಳಿ ತಡಿತ್ತ್!"

ಮರವಂತೆಗೆ ಬಂದಾಗ ಎಡಕ್ಕೆ ಜೂನಿನ ಕಡಲು ಕಲ್ಲಿಗೆ ಅಪ್ಪಳಿಸುತ್ತಿತ್ತು, ಬಲಕ್ಕೆ ಸೌಪರ್ಣಿಕೆ ಏನೂ ಆಗಿಲ್ಲವೆಂಬಂತೆ ಮಲಗಿತ್ತು. ದೇಶದ ಯಾವ ಮೂಲೆಯವರೋ ಬಂದು ಫೋಟೋ ಹಿಡಿಯುವ ಜಾಗ. ಹೊಸ ಬೈಕು, ಇಪ್ಪತ್ನಾಲ್ಕು ವಯಸ್ಸು. ನಾನು ಮಾತ್ರ ಹ್ಯಾಂಡಲಿನ ಮೇಲೆ ಗಲ್ಲ ಊರಿ, ಸ್ಪೀಡೋಮೀಟರಿನ ಮುಳ್ಳು ನೋಡುತ್ತ ದಾಟಿದೆ. ಕಡಲ ಗಾಳಿ ಅಡ್ಡ ಹೊಡೆಯುತ್ತದೆ, ತಲೆ ತಗ್ಗಿಸು ಎಂದು ಆಜ್ಞೆಯಾಗಿತ್ತು. ಮಾವ ತಾವೂ ನನ್ನ ಬೆನ್ನಿಗೆ ಮುಖ ಒತ್ತಿ ಗುಬ್ಬಚ್ಚಿಯ ಹಾಗೆ ಮುದುಡಿದ್ದರು. ನೋಡಿದವರು ನಮ್ಮನ್ನು ಕಳ್ಳರು ಎಂದುಕೊಂಡಿರಬೇಕು. ನಲವತ್ತರಲ್ಲಿ ಹೋಗುತ್ತಿದ್ದುದರಿಂದ ದಡ್ಡ ಕಳ್ಳರು ಎಂದುಕೊಂಡಿರಬೇಕು.

ನಾವುಂದ, ಕಿರಿಮಂಜೇಶ್ವರ, ಉಪ್ಪುಂದ ಕಳೆಯಿತು. ಬೈಂದೂರು ಪೇಟೆಯೂ ದಾಟಿತು. ಒತ್ತಿನೆಣೆಯ ಏರಿನ ನಡುವೆ ಗಾಡಿ ಎರಡು ಸಲ ಬಿಕ್ಕಳಿಸಿ ನಿಂತಿತು. ಅದೇ ಕ್ಷಣಕ್ಕೆ ಕಾದಿದ್ದ ಹಾಗೆ ಮಳೆ ಬಂತು. ಮಾವ ಇಳಿದು, ಡೈರಿಯನ್ನು ಪ್ಲಾಸ್ಟಿಕ್ ತೊಟ್ಟೆಯೊಳಗಿಟ್ಟುಕೊಂಡೇ ಅಂಕಿ ಬರೆದುಕೊಂಡರು. ಅರವತ್ತೆರಡು.

"ಕಂಪೆನಿಯವ್ರ್ ಹೇಳದ್ದ್ ಇದಕ್ಕಿಂತ ಜಾಸ್ತಿ ಅಲ್ದಾ ಮಾವ?"

"ಅವ್ರ್ ಓಡ್ಸುದ್ ರೋಲರ್ ಮೇಲೆ, ನಾವ್ ಓಡ್ಸುದ್ ಹೊಂಡದ್ ಮೇಲೆ. ಅದ್ರಗೂ ಅಲ್ಲಿ ಓಡ್ಸುದ್ ಒಬ್ನೇ." ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ ಸೇರಿಸಿದರು: "ನಿನ್ನ್ ಹೊಟ್ಟಿ ಕಳದ್ರೆ ಎಪ್ಪತ್ತ್."

ಬಾಟಲಿಯಲ್ಲಿ ಹೆಚ್ಚುವರಿ ಪೆಟ್ರೋಲ್ ಏಕೆ ತರಲಿಲ್ಲ ಎಂದು ಕೇಳಿದೆ. ಅದರ ಭಾರಕ್ಕೆ ಲೆಕ್ಕ ತಪ್ಪುತ್ತಿತ್ತಂತೆ. ಬಂಕಿರುವಲ್ಲಿಗೆ ಗಾಡಿ ತಳ್ಳಿದವನು ನಾನು; ಮಾವ ಹಿಂದೆ ಕೊಡೆ ಹಿಡಿದು ಬಂದರು, ಸೀಟಿಗೆ. ಆ ಹೆದ್ದಾರಿಯ ನಂಬರು ಆಗ 17, ಈಗ 66. ನಂಬರು ಏರಿದ ಪ್ರಮಾಣದಲ್ಲಿ ನನ್ನ ಮೈಲೇಜ್ ಏರಲಿಲ್ಲ. ಅಂದಿನಿಂದ ಇಂದಿನವರೆಗೆ ಪೆಟ್ರೋಲ್ ಹಾಕಿದಾಗಲೆಲ್ಲ ನಾನೂ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಹೆಂಡತಿಗೆ ತಿಳಿಯದ ಹಾಗೆ.

2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದಾಗ ಮಾವನ ವಿದ್ಯೆಯಲ್ಲಿ ಅರ್ಧ ಮುಳುಗಿತು. ಕಾರ್ಬ್ಯುರೇಟರ್ ಹೋಯಿತು, ಅದರ ಜೊತೆ ಚೋಕ್, ಪೆಟ್ರೋಲಿನ ತಿರುಪು, ಕಿವಿಗೊಟ್ಟು ಕಾಲು ಸುತ್ತು ತಿರುಗಿಸುತ್ತಿದ್ದ ಆ ಟ್ಯೂನಿಂಗ್ ಸ್ಕ್ರೂ ಎಲ್ಲವೂ. ಮೊದಲ ಸಲ ಹೊಸ ಗಾಡಿಯ ಬದಿಯಲ್ಲಿ ಕೂತು ಸ್ಕ್ರೂ ಹುಡುಕಿದವರು, ಸಿಗದೆ, ಟ್ಯಾಂಕಿನ ಮೇಲೆ ಕೈಯಾಡಿಸಿ ಎದ್ದರು. ಒಂದು ವರ್ಷ ಮೊದಲೇ, 125 ಸಿಸಿಗಿಂತ ದೊಡ್ಡ ಹೊಸ ಬೈಕಿಗೆಲ್ಲ ಎಬಿಎಸ್ ಕಡ್ಡಾಯ ಎಂದು ಬಂದಾಗ, "ಬ್ರೇಕ್ ಹಿಡುದ್ ನಾವಾ, ಅದಾ?" ಎಂದು ಗದರಿದ್ದರು. ಒಳದಾರಿಯ ಕೆಂಪು ಕೆಸರು ಹೆದ್ದಾರಿಗೆ ಬಂದು ಸೇರುವಲ್ಲಿ ಹುಡುಗನೊಬ್ಬ ಚಕ್ರ ಜಾರದೆ ನೆಟ್ಟಗೆ ನಿಂತದ್ದನ್ನು ಕಣ್ಣಾರೆ ಕಂಡ ಮೇಲೆ ಡೈರಿಯಲ್ಲಿ ಅದಕ್ಕೊಂದು ಕಾಲಂ ಗೀರಿದರು.

ಹೋದ ವರ್ಷ ನಮ್ಮ ಅಕ್ಕನ ಮಗನಿಗೆ ಬೈಕ್ ಬೇಕಾಯಿತು. ಮೊದಲ ಬೈಕು, ನೇರ 350. ಮಾವ ಗದ್ದೆಯ ಮಾತೆತ್ತಿದರು. ನಾವು ಬಿದ್ದ ಗದ್ದೆಯಲ್ಲಿ ಈಗ ಮನೆ ಎದ್ದಿದೆ. ತೂಕದ ಮಾತೆತ್ತಿದರು: ನೂರೆಂಬತ್ತು ಕಿಲೋ, ಬಿದ್ದರೆ ಎತ್ತುವವರು ಯಾರು? ಮಾಣಿ ಮೊಬೈಲ್ ತೋರಿಸಿದ. ಸೆಪ್ಟೆಂಬರ್ 22ರಿಂದ 350 ಸಿಸಿವರೆಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಈಗ ತಕಂಡ್ರೆ ಲಾಭ. ಲೆಕ್ಕದ ಮುಂದೆ ಲೆಕ್ಕದವರು ಸೋತರು. ಕೊನೆಯ ಅಸ್ತ್ರವೆಂದು ಹಿಂದಿನ ಸೀಟಿನಲ್ಲಿ ಒಂದು ಬದಿಗೆ ಕೂತು ತೋರಿಸಿ, "ಅಬ್ಬಿ ಕೂಕಂಬ್ದ್ ಎಲ್ಲಿ?" ಎಂದರು. "ಅಮ್ಮ ರಿಕ್ಷಾದಗ್ ಹೋತ್ರ್" ಎಂದ ಮಾಣಿ. ಮಾವ ಏನೂ ಹೇಳಲಿಲ್ಲ. ಡೈರಿ ಜೇಬಿಗಿಟ್ಟು ಚಹಾದ ದುಡ್ಡು ಕೊಟ್ಟರು. ಅಷ್ಟು ವರ್ಷ ಅವರ ಬಾಯಿ ಯಾವಾಗ ಮುಚ್ಚೀತು ಎಂದು ಕಾದಿದ್ದ ನನಗೆ ಅವತ್ತು ಯಾಕೋ ಸಂತೋಷವಾಗಲಿಲ್ಲ.

ನಾಲ್ಕು ತಿಂಗಳಿಗೆ ಮಾಣಿಗೆ ಬೆಂಗಳೂರಿನಲ್ಲಿ ಕೆಲಸವಾಯಿತು. ಅಲ್ಲಿಯ ಟ್ರಾಫಿಕ್ಕಿಗೆ ಇದು ಭಾರ ಎಂದು ಬೈಕ್ ಇಲ್ಲೇ ಬಿಟ್ಟ. ನಮ್ಮ ಕೇರಿಯಲ್ಲಿ ಇಂಥ ಗಾಡಿಗಳು ಈಗ ಒಂಬತ್ತಿವೆ. ಒಡೆಯರು ಬೆಂಗಳೂರು, ಪುಣೆ, ದುಬೈ ಎಂದು ಚದುರಿದ್ದಾರೆ. ಗಾಡಿಗಳು ದನ ಇಲ್ಲದ ಹಟ್ಟಿಯಲ್ಲಿ ಟಾರ್ಪಾಲು ಹೊದ್ದು ನಿಂತಿವೆ. ಮೊದಲಿನ ಗಾಡಿಯಾದರೆ ಎಷ್ಟು ದಿನ ನಿಂತರೂ ಹತ್ತು ಕಿಕ್ಕಿಗೆ ಎದ್ದೀತು. ಈಗಿನವು ಪೆಟ್ರೋಲ್ ಪಂಪಿಗೂ ಬ್ಯಾಟರಿಯನ್ನೇ ನಂಬಿದವು, ಹಲವಕ್ಕೆ ಕಿಕ್ಕರೇ ಇಲ್ಲ. ತಿಂಗಳುಗಟ್ಟಲೆ ಮುಟ್ಟದಿದ್ದರೆ ಸತ್ತ ಹಾಗೆ. ಸಾಲದ್ದಕ್ಕೆ ಕಡಲಿನ ಉಪ್ಪುಗಾಳಿ ಚೈನನ್ನು ತಿನ್ನುತ್ತದೆ. ಹಾಗಾಗಿ ಆದಿತ್ಯವಾರ ಬೆಳಿಗ್ಗೆ ಮಾವ ಒಂಬತ್ತು ಕೀಲಿಕೈಗಳ ಗೊಂಚಲು ಹಿಡಿದು ಮನೆಮನೆಗೆ ಹೋಗುತ್ತಾರೆ. ಟಾರ್ಪಾಲು ಸರಿಸಿ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡುತ್ತಾರೆ, ಚೈನಿಗೆ ಎಣ್ಣೆ ಮುಟ್ಟಿಸುತ್ತಾರೆ, ಟಯರು ಒಂದೇ ಬದಿಗೆ ಕೂರದಂತೆ ಚಕ್ರವನ್ನು ಅರ್ಧ ಸುತ್ತು ಸರಿಸುತ್ತಾರೆ. ಸದ್ದು ಕೇಳಿ ಜಗಲಿಗೆ ಹಿರಿಯರು ಬರುತ್ತಾರೆ. ಗಾಡಿ ಓಡುವಷ್ಟು ಹೊತ್ತೂ ನಿಂತಿರುತ್ತಾರೆ. ಊರು ಮುದುಕಾಗುತ್ತಿದೆ, ಮಕ್ಕಳು ರಜೆಗೆ ಬರುವ ನೆಂಟರಾಗಿದ್ದಾರೆ ಎಂದು ಇಲ್ಲಿ ಎರಡು ಪ್ಯಾರಾ ಬರೆಯಬಹುದು. ನನ್ನ ಮಗಳೂ ಹೈದರಾಬಾದಿನಲ್ಲಿದ್ದಾಳೆ, ಅವಳ ಸ್ಕೂಟರ್ ನಮ್ಮ ಹಟ್ಟಿಯಲ್ಲಿದೆ, ಅದರ ಕೀಲಿಯೂ ಆ ಗೊಂಚಲಿನಲ್ಲಿದೆ, ಬೇಡ.

ಹೋದ ಆದಿತ್ಯವಾರ ಅಕ್ಕನ ಮನೆಯಲ್ಲಿದ್ದೆ. ಮಾವನಿಗೆ ಎಪ್ಪತ್ತು ದಾಟಿದೆ, ಮೊಣಕಾಲಿಗೆ ಪಟ್ಟಿ. ಆ 350 ಹಟ್ಟಿಯಲ್ಲಿ ಗುಡುಗುಡು ಎನ್ನುತ್ತಿದ್ದಾಗ ನನ್ನ ಹಳೆಯ ಸೇಡು ತಲೆ ಎತ್ತಿತು.

"ಮಾವ, ನಿಂತಲ್ಲೇ ಓಡುವ ಗಾಡಿಗೆ ಮೈಲೇಜ್ ಎಷ್ಟ್?"

ಡೈರಿ ಬಿಚ್ಚಿ ತೋರಿಸಿದರು. ಒಂಬತ್ತು ಮನೆಯ ಹೆಸರು, ತಾರೀಖು, ಹಾಕಿದ ಪೆಟ್ರೋಲ್. ಕಿಲೋಮೀಟರಿನ ಕಾಲಂನಲ್ಲಿ ಎಂಟು ಮನೆಗೆ ಅಡ್ಡಗೆರೆ. ಅಕ್ಕನ ಮನೆಯ ಎದುರು ಮಾತ್ರ ಪ್ರತಿ ವಾರ 0.2, 0.2, 0.2.

"ಇದೆಂತ?"

ಅವರು ಉತ್ತರ ಹೇಳುವ ಮೊದಲೇ ಅಕ್ಕ ಕೈ ಒರೆಸಿಕೊಂಡು ಹೊರಗೆ ಬಂದಳು. ಸೆರಗು ಸಿಕ್ಕಿಸಿ, ರೂಢಿಯಾದವಳ ಹಾಗೆ ಒಂದು ಬದಿಗೆ ಹತ್ತಿ ಕೂತಳು. ಮಾವ ಮೊದಲ ಗೇರಿನಲ್ಲೇ, ಎರಡೂ ಹಿಮ್ಮಡಿ ನೆಲಕ್ಕೆ ಸೋಕಿಸುತ್ತ, ಅಂಗಳ ದಾಟಿ ಬಾವಿ ಸುತ್ತಿ, ತೋಟದ ತಡಮೆಯವರೆಗೆ ಹೋಗಿ ತಿರುಗಿಸಿಕೊಂಡು ಬಂದರು. ಆಚೆ ಮನೆಯ ಅಜ್ಜಿ ಪಾಗಾರದ ಮೇಲಿನಿಂದ, "ಮಗ ಬಂದ್ನಾ?" ಎಂದು ಕೇಳಿತು.

"ಇಲ್ಲ, ಬೆಂಗ್ಳೂರಗ್ ಇದ್ದ" ಎಂದಳು ಅಕ್ಕ, ಇಳಿಯುತ್ತ. ಆಮೇಲೆ ಸೊಂಟ ಹಿಡಿದುಕೊಂಡು ಮಾವನಿಗೆ ವಾರದ ವರದಿ ಒಪ್ಪಿಸಿದಳು: "ಸೀಟ್ ಈಗ್ಳೂ ಸಣ್ಣದೇ ಇತ್ತ್."

ಮಾವ ಡೈರಿಯಲ್ಲಿ ಬರೆದುಕೊಂಡರು.