ಕಡಪ ಕಲ್ಲಿಗೆ ವರ್ಗಾವಣೆ

ಬೆಂಗಳೂರಿನ ಒಂದು ಮನೆಯಲ್ಲಿ ಅಡುಗೆಮನೆಯ ನವೀಕರಣ ಮುಗಿದಿದೆ. ಆ ಮನೆ ಕಟ್ಟಿದಂದಿನಿಂದ ಒಲೆ ಹೊತ್ತಿದ್ದ ಕಡಪ ಕಲ್ಲಿಗೆ ಹಿಂದಿನ ಯುಟಿಲಿಟಿಗೆ ವರ್ಗವಾಗಿದೆ. ವಾಷಿಂಗ್ ಮೆಷಿನ್ ಪಕ್ಕ, ಸಿಮೆಂಟ್ ಬ್ಲಾಕುಗಳ ಮೇಲೆ ಮಲಗಿದ್ದ ಅದು ಮಾತಿಗೆ ಸಿಕ್ಕಿತು.

ನಾವು: ಹೊಸ ಜಾಗ ಹೇಗಿದೆ?

ಕಲ್ಲು: ಗಾಳಿ, ಬೆಳಕು ಚೆನ್ನಾಗಿದೆ ಸ್ವಾಮಿ. ಕೆಲಸ ಮಾತ್ರ ಜಾಸ್ತಿಯಾಗಿದೆ. ಒಳಗೆ ಬಿಳಿ ಕ್ವಾರ್ಟ್ಜ್ ಬಂದ ಮೇಲೆ ತೆಂಗಿನಕಾಯಿ ಒಡೆಯೋದು, ಹಲಸಿನಕಾಯಿ ಹೆಚ್ಚೋದು, ಕಾದ ಬಾಣಲೆ ಇಳಿಸೋದು ಎಲ್ಲ ನನ್ನ ಮೇಲೇ. ಅಲ್ಲಿ ಒಂದು ಹೂದಾನಿ, ಬಟ್ಟಲಲ್ಲಿ ನಾಲ್ಕು ನಿಂಬೆಹಣ್ಣು ಇಟ್ಟಿದ್ದಾರೆ. ನಿಂಬೆಹಣ್ಣೂ ಪ್ಲಾಸ್ಟಿಕ್ಕಿಂದೇ.

ನಾವು: ಆ ಬಿಳಿಯನ್ನು ಆರಿಸಿದವರು ಯಾರು?

ಕಲ್ಲು: ಯಜಮಾನರು, ಅವರ ಮಗ, ಇಂಟೀರಿಯರ್‌ನವನು, ಯಜಮಾನರ ಷಡ್ಡಕ. ಷಡ್ಡಕರ ಮನೆಯಲ್ಲಿ ಗ್ರಾನೈಟ್ ಇದೆ, ಆದ್ದರಿಂದ ಗ್ರಾನೈಟ್ ಬೇಡ ಅನ್ನೋದು ಮೊದಲೇ ತೀರ್ಮಾನವಾಗಿತ್ತು. ಅಡುಗೆ ಮಾಡೋ ಅಮ್ಮಾವ್ರಿಗೆ ಕಾರಲ್ಲಿ ಜಾಗ ಸಾಲಲಿಲ್ಲ.

ನಾವು: ಗ್ರಾನೈಟ್ ಬಗ್ಗೆ ತಮ್ಮ ಅಭಿಪ್ರಾಯ?

ಕಲ್ಲು: ಗಟ್ಟಿ ಆಸಾಮಿ. ಭೂಮಿಯೊಳಗೆ ಕರಗಿದ್ದು ನಿಧಾನವಾಗಿ ಆರಿ ಹುಟ್ಟಿದವನು, ನಿಮ್ಮ ಕುಕ್ಕರಿನ ಬಿಸಿಗೆ ಅಂಜುತ್ತಾನೆಯೇ? ಇಳಕಲ್ಲಿನ ಕೆಂಪು, ಕನಕಪುರದ ಬಣ್ಣಬಣ್ಣದ್ದು, ಚಾಮರಾಜನಗರದ ಕಪ್ಪು. ಆ ಕಪ್ಪು ಗ್ರಾನೈಟೇ ಅಲ್ಲ, ಡೊಲೆರೈಟ್ ಅಂತಾರೆ ಭೂವಿಜ್ಞಾನಿಗಳು. ಅಂಗಡಿಯಲ್ಲಿ ಯಾರು ಜಾತಿ ಪ್ರಮಾಣಪತ್ರ ಕೇಳ್ತಾರೆ, ಬಿಡಿ. ವಾಷಿಂಗ್ಟನ್ನಿನಲ್ಲಿ 1982ರಲ್ಲಿ ಎದ್ದ ವಿಯೆಟ್ನಾಂ ಯೋಧರ ಸ್ಮಾರಕದ ಗೋಡೆಗೆ ಹೋದದ್ದು ಬೆಂಗಳೂರು ಕಡೆಯ ಕರಿಕಲ್ಲೇ. ಅದರ ಮೇಲೆ 58 ಸಾವಿರಕ್ಕೂ ಹೆಚ್ಚು ಹೆಸರು ಕೊರೆದಿದ್ದಾರೆ. ಇಲ್ಲಿ ಅದೇ ಕಲ್ಲಿನ ಮೇಲೆ ಸಾಸಿವೆ ಸಿಡಿದರೆ ಜನ ಗಾಬರಿಯಾಗ್ತಾರೆ! ಆದರೆ ಬೂದು ಕಲ್ಲಿಗೆ ಕಪ್ಪು ಬಳಿದು ಮಾರೋರೂ ಇದ್ದಾರೆ. ಬಿಳಿ ಬಟ್ಟೆಗೆ ಉಗುರುಬಣ್ಣ ತೆಗೆಯೋ ದ್ರವ ಹಚ್ಚಿ ಉಜ್ಜಿ ನೋಡಿ. ಬಟ್ಟೆ ಕಪ್ಪಾದರೆ ಅಂಗಡಿ ಬದಲಾಯಿಸಿ.

ನಾವು: ಮಾರ್ಬಲ್?

ಕಲ್ಲು: ನಮ್ಮ ದಾಯಾದಿ. ನಾನೂ ಸುಣ್ಣದ ಕಲ್ಲು, ಅವನ ಮೂಲವೂ ಅದೇ. ನೆಲದಾಳದ ಕಾವು, ಒತ್ತಡ ತಿಂದು ಬೆಳ್ಳಗಾದ, ಮಕ್ರಾನಾದಿಂದ ತಾಜಮಹಲಿಗೂ ಹೋದ, ಆಮೇಲೆ ನಮ್ಮನ್ನು ಮಾತಾಡಿಸೋದು ಬಿಟ್ಟ. ಹುಣಸೆಹುಳಿ ಬಿದ್ದರೆ ಇಬ್ಬರ ಮುಖವೂ ಒಂದೇ ಥರ ಕಳೆಗುಂದುತ್ತೆ. ನನ್ನ ಮೇಲಿನ ಈ ಮಂಕು ಕಲೆಗಳೆಲ್ಲ ಸಾರು, ಉಪ್ಪಿನಕಾಯಿದೇ, ಮುಚ್ಚಿಡೋದೇನಿದೆ? ಅವನ ಮೇಲೆ ಒಂದು ಚಿಟಿಕೆ ಅರಿಶಿನ ಚೆಲ್ಲಲಿ, ಮನೆಯಲ್ಲಿ ಪಂಚಾಯ್ತಿಯೇ ಸೇರುತ್ತೆ.

ನಾವು: ಹಾಗಾದರೆ ಕ್ವಾರ್ಟ್ಜ್ ತಾನೇ ಮೇಲು? ನಿಂಬೆರಸಕ್ಕೂ ಜಗ್ಗಲ್ಲ, ಎಣ್ಣೆಯನ್ನೂ ಹೀರಲ್ಲ.

ಕಲ್ಲು: ನಿಜ. ಆದರೆ ಅದು ಗಣಿಯಲ್ಲಿ ಹುಟ್ಟಿದ್ದಲ್ಲ, ಕಾರ್ಖಾನೆಯಲ್ಲಿ. ಸುಮಾರು ನೂರಕ್ಕೆ ತೊಂಬತ್ತು ಪಾಲು ಕ್ವಾರ್ಟ್ಜ್ ಪುಡಿ, ಉಳಿದದ್ದು ರೆಸಿನ್ ಅಂಟು, ಬಣ್ಣ. ಬಿಸಿ ಬಾಣಲೆ ಇಟ್ಟರೆ ಸುಡೋದು ಆ ಅಂಟು. ಕೊಂಡವರು ಇಷ್ಟಕ್ಕೇ ಕೊರಗ್ತಾರೆ. ಅದನ್ನು ಕುಯ್ದ ಹುಡುಗನ ಸುದ್ದಿ ಯಾರಿಗೂ ಬೇಡ. ಸಿಂಕಿಗೆ ತೂತು ತೆಗೆಯುವಾಗ ನೀರು ಬಿಡದೆ ಒಣಗಲ್ಲಲ್ಲೇ ಯಂತ್ರ ಆಡಿಸಿದ. ಮೂಗಿಗೆ ಒಂದು ಕರ್ಚೀಫು. ಆ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್, ಬಂದದ್ದು ವಾಸಿಯಾಗಲ್ಲ. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಈ ಸ್ಲ್ಯಾಬುಗಳನ್ನೇ ನಿಷೇಧಿಸಿತು. ಗ್ರಾನೈಟ್ ಕುಯ್ದರೂ ಸಿಲಿಕಾ ಏಳುತ್ತೆ, ಪ್ರಮಾಣ ಕಡಿಮೆ. ಮನೆಯವರೇನೋ ಅವತ್ತು ಕರ್ಟನ್‌ಗೆ ದೂಳು ಹತ್ತದಂತೆ ಪ್ಲಾಸ್ಟಿಕ್ ಮುಚ್ಚಿದ್ದರು.

ನಾವು: ನಮ್ಮ ಮನೆಗೂ ಕಟ್ಟೆ ಹಾಕಿಸಬೇಕು. ಯಾವುದು ಹಾಕಿಸೋಣ?

ಕಲ್ಲು: ಅಂಗಡಿಯಿಂದ ಒಂದೊಂದು ತುಂಡು ತನ್ನಿ. ನಿಂಬೆರಸ, ಅರಿಶಿನ, ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಾದ ಕುಕ್ಕರ್ ಇಡಿ. ಆಮೇಲೆ ಅಡುಗೆ ಮಾಡುವವರನ್ನು ಕರೆದು ತೋರಿಸಿ.

ನಾವು: ಅಷ್ಟೆಲ್ಲ ಪುರುಸೊತ್ತಿಲ್ಲ. ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟಾಗಿದೆ. ಕಪಾಟುಗಳೂ ಬಂದಿವೆ, ಅವುಗಳ ಬಣ್ಣಕ್ಕೆ ಹೊಂದಬೇಕು.

ಕಲ್ಲು: ಹಾಗೋ? ಬಿಳಿದೇ ಹಾಕಿಸಿ ಸ್ವಾಮಿ. ಯುಟಿಲಿಟಿ ಮಾತ್ರ ಸ್ವಲ್ಪ ದೊಡ್ಡದಾಗಿ ಕಟ್ಟಿಸಿ.